ಪ್ರಶ್ನೋತ್ತರ: ಸೊಳ್ಳೆ ಬ್ಯಾಟು, ಟ್ರಿಮ್ಮರ್, ಎಮರ್ಜೆನ್ಸಿ ಲೈಟಿನ ಬ್ಯಾಟರಿ

ನಿರ್ವಾಹಕ: ಇಂದು ಸಂಜೆ ರಿಪೇರಿಯವರು ಗುಂಪಿನಲ್ಲಿದ್ದಾರೆ. ಒಬ್ಬೊಬ್ಬರಾಗಿ ಕೇಳಿ. ಶುಭಾಶಯದ ಚಿತ್ರಗಳು ಬೇಡ.

ತೋಟದಮನೆ: ನಮಸ್ಕಾರ ಸರ್. ಸೊಳ್ಳೆ ಬ್ಯಾಟನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಹತ್ತು ನಿಮಿಷ ಬರುವುದಿಲ್ಲ. ಯಾವ ಬ್ಯಾಟರಿ ಹಾಕಲಿ?

ರಿಪೇರಿಯವರು: ನಮಸ್ಕಾರ. ಹಳೆಯದರ ಮೇಲೆ ಬರೆದಿದ್ದನ್ನು ಓದಿ. ಸಾಮಾನ್ಯವಾಗಿ 4 ವೋಲ್ಟ್ ಇದ್ದರೆ ಸೀಸದ್ದು, 2.4 ಇದ್ದರೆ ನಿಕ್ಕಲಿನದು. ಅದೇ ಜಾತಿಯದನ್ನೇ ಹಾಕಬೇಕು. ಬಿಚ್ಚುವ ಮೊದಲು ಪ್ಲಗ್ಗಿನಿಂದ ತೆಗೆದು, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರನ್ನು ಒಳಜಾಲರಿಗೂ ಹೊರಜಾಲರಿಗೂ ಒಟ್ಟಿಗೆ ತಾಗಿಸಿ. ಉಳಿದ ಕರೆಂಟು ಚಟ್ಟೆಂದು ಹೋಗುತ್ತದೆ.

ಹಾಸನದ ಮೇಷ್ಟ್ರು: ಟ್ರಿಮ್ಮರಿನ ಸೆಲ್ ಸತ್ತಿದೆ. ಗೋಡೆ ಗಡಿಯಾರದ ಪೆನ್ಸಿಲ್ ಸೆಲ್ ಅಳತೆಗೆ ಸರಿಯಾಗಿ ಕೂರುತ್ತದೆ. ಹಾಕಬಹುದೇ?

ರಿಪೇರಿಯವರು: ಕೂರುತ್ತದೆ, ಆದರೆ ಹಾಕಬಾರದು. ಅದು ಚಾರ್ಜ್ ಮಾಡುವ ಸೆಲ್ ಅಲ್ಲ, ಸೋರುತ್ತದೆ. ಹಳೆಯದರಲ್ಲಿ 1.2 ವೋಲ್ಟ್ ಎಂದಿದ್ದರೆ ಅಷ್ಟೇ ವೋಲ್ಟಿನ ನಿಕ್ಕಲ್ ಸೆಲ್, ತುದಿಗಳಲ್ಲಿ ತಗಡಿನ ಪಟ್ಟಿ ಇರುವಂಥದ್ದು ತನ್ನಿ. ಬೆಸುಗೆ ಪಟ್ಟಿಗೆ, ಸೆಲ್ಲಿನ ಮೈಗಲ್ಲ.

ಸಾಗರದ ಸೊಸೆ: ಸರ್, ಚಿಕ್ಕ ಪ್ರಶ್ನೆ. ಎಮರ್ಜೆನ್ಸಿ ಲೈಟಿಗೆ ಮೈದುನ ಹಳೆಯ ಮೊಬೈಲಿನ ಬ್ಯಾಟರಿ ಕೂಡಿಸಿಕೊಟ್ಟಿದ್ದ. ಆರು ತಿಂಗಳು ಚೆನ್ನಾಗಿತ್ತು. ಈಗ ಹಿಂದಿನ ಮುಚ್ಚಳ ಎದ್ದು ನಿಂತು ಸ್ಕ್ರೂ ಹಿಡಿಯುತ್ತಿಲ್ಲ. ಉದ್ದದ ಸ್ಕ್ರೂ ಹಾಕಲೇ?

ರಿಪೇರಿಯವರು: ಅಮ್ಮಾ, ಸ್ಕ್ರೂ ಕೆಳಗಿಡಿ. ಲೈಟು ಈಗ ಪ್ಲಗ್ಗಿನಲ್ಲಿದೆಯೇ? ಇದ್ದರೆ ಗೋಡೆಯ ಸ್ವಿಚ್ಚು ಆರಿಸಿ ತೆಗೆಯಿರಿ. ಮುಚ್ಚಳ ಒತ್ತಬೇಡಿ, ಬಿಚ್ಚಲೂ ಬೇಡಿ. ಲೈಟನ್ನು ಹಾಗೇ ಹೊರಗೆ ಒಯ್ದು, ಒಣ ಮರಳಿರುವ ಕಬ್ಬಿಣದ ಬಾಂಡಲಿಯಲ್ಲಿಡಿ. ಬಿಸಿ ಆಗಿದ್ದರೆ, ಬುಸ್ಸೆನ್ನುವ ಸದ್ದೋ ಸಿಹಿ ಸಿಹಿ ವಾಸನೆಯೋ ಬಂದರೆ ಮುಟ್ಟದೆ ಎಲ್ಲರೂ ಮನೆಯಿಂದ ಹೊರಗೆ ಬನ್ನಿ.

ಸೀಸದ ಬ್ಯಾಟರಿಗೂ ಮೊಬೈಲಿನದಕ್ಕೂ ವೋಲ್ಟು ಹತ್ತಿರ ಹತ್ತಿರ: 4 ಮತ್ತು 3.7. ಎಲ್ಲರೂ ಮೋಸ ಹೋಗುವುದು ಇಲ್ಲೇ. ಅಗ್ಗದ ಲೈಟುಗಳಲ್ಲಿ ಚಾರ್ಜ್ ತುಂಬಿದ ಮೇಲೆ ನಿಲ್ಲಿಸುವ ವ್ಯವಸ್ಥೆಯೇ ಇರುವುದಿಲ್ಲ, ಕರೆಂಟು ತೊಟ್ಟಿಕ್ಕುತ್ತಲೇ ಇರುತ್ತದೆ. ಸೀಸದ್ದು ಅದನ್ನು ಒಂದಷ್ಟು ಕಾಲ ಸಹಿಸುತ್ತದೆ. ಮೊಬೈಲಿನದು ಲಿಥಿಯಂ, 4.2 ವೋಲ್ಟ್ ದಾಟಿದರೆ ಒಳಗೇ ಅನಿಲ ಕಟ್ಟುತ್ತದೆ. ನಿಮ್ಮದು ಊದಿದ್ದು ಹಾಗೆ. ಮೊಬೈಲ್ ಬ್ಯಾಟರಿಯ ತಲೆಯಲ್ಲಿ ಅದನ್ನು ಕಾಯುವ ಪುಟ್ಟ ಹಸಿರು ಪಟ್ಟಿ ಇರುತ್ತದೆ. ಮೈದುನ ಅದನ್ನು ಉಳಿಸಿದ್ದಾರೋ ಕಿತ್ತಿದ್ದಾರೋ ಕೇಳಿ.

ಶುಭೋದಯ: ಊದಿದ ಬ್ಯಾಟರಿಗೆ ಸುಲಭ ಪರಿಹಾರ!! ಸೂಜಿಯಿಂದ ಚುಚ್ಚಿ ಗಾಳಿ ತೆಗೆದು ಟೇಪು ಸುತ್ತಿ, ಮೂರು ದಿನ ಫ್ರೀಜರಿನಲ್ಲಿಡಿ. ಹೊಸದರಂತಾಗುತ್ತದೆ. ಹತ್ತು ಜನರಿಗೆ ಕಳುಹಿಸಿ 🙏

ರಿಪೇರಿಯವರು: ಸ್ವಾಮಿ, ಅಳಿಸಿ. ಚುಚ್ಚಿದರೆ ಒಳಗಿನ ಹಾಳೆಗಳು ಒಂದಕ್ಕೊಂದು ತಾಗಿ ಅಲ್ಲೇ ಹೊತ್ತಿಕೊಳ್ಳುತ್ತದೆ.

ಶುಭೋದಯ: ನನಗೆ ಬಂದಿದ್ದನ್ನು ಕಳುಹಿಸಿದೆ, ಅಷ್ಟೇ.

ರಿಪೇರಿಯವರು: ಬಂದಿದ್ದನ್ನೆಲ್ಲ ಸಾಗಿಸಲು ನೀವೇನು ಅಂಚೆಯವರೇ? ನಿಮ್ಮ ಮನೆಯಲ್ಲಿ ಮಾಡಿ ನೋಡಿದ್ದೀರಾ?

ಬೆಂಗಳೂರು ದಕ್ಷಿಣ: ಮುನ್ನೂರು ರೂಪಾಯಿಗೆ ಹೊಸ ಲೈಟೇ ಬರುತ್ತದೆ. ಇಷ್ಟೆಲ್ಲ ಏಕೆ? ಕಸದ ಗಾಡಿಗೆ ಹಾಕಿ.

ಕಡೂರು: ಕಸದ ಗಾಡಿಗೆ ಹಾಕುವಂತಿಲ್ಲ. ಹಳೆಯ ಬ್ಯಾಟರಿಗಳಿಗೆ ತಯಾರಕರೇ ಹೊಣೆ ಎಂದು 2022ರ ಬ್ಯಾಟರಿ ತ್ಯಾಜ್ಯ ನಿಯಮ ಹೇಳುತ್ತದೆ.

ಬೆಂಗಳೂರು ದಕ್ಷಿಣ: ನಿಯಮ ಓದಿಕೊಂಡು ಕಡೂರಿನ ಬಾಗಿಲಿಗೆ ಯಾರು ಬರುತ್ತಾರಂತೆ?

ಕಡೂರು: ಬಾರದಿದ್ದರೆ ಕೂಡಿಟ್ಟು ಪೇಟೆಗೆ ಹೋದಾಗ ಕೊಡುತ್ತೇನೆ. ನಿಮ್ಮಂತೆ ಹಸಿ ಕಸದ ಚೀಲಕ್ಕೆ ತುರುಕುವುದಿಲ್ಲ.

ಬೆಂಗಳೂರು ದಕ್ಷಿಣ: ನನ್ನ ಚೀಲ ನೀವು ಯಾವಾಗ ನೋಡಿದಿರಿ?

ಹುಬ್ಬಳ್ಳಿ: ಸರ್, 9900 ಎಂಎಎಚ್ ಎಂದು ಬರೆದ ಟಾರ್ಚ್ ಸೆಲ್ ಅಗ್ಗಕ್ಕೆ ಸಿಕ್ಕಿದೆ. 18650 ಅಳತೆ, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ.

ರಿಪೇರಿಯವರು: ಸುಳ್ಳು. ಎಂಎಎಚ್ ಎಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ. ಆ ಅಳತೆಯಲ್ಲಿ ಒಳ್ಳೆಯ ಸೆಲ್ಲಿಗೇ 3500 ಎಂಎಎಚ್ ಆಸುಪಾಸು. ತಕ್ಕಡಿಯಲ್ಲಿಡಿ. 45 ಗ್ರಾಂ ಸುತ್ತಮುತ್ತ ತೂಗದೆ ತೀರಾ ಹಗುರವಿದ್ದರೆ ಹಿಂದಿರುಗಿಸಿ.

ತೀರ್ಥಹಳ್ಳಿ: ಅಪ್ಪನ ಕಿವಿಯ ಯಂತ್ರದ ಬ್ಯಾಟರಿ ನಾವೇ ಬದಲಾಯಿಸಬಹುದೇ?

ಮಂಡ್ಯ: ಸೊಳ್ಳೆ ಬ್ಯಾಟಿಗೆ ಯಾವ ಬ್ಯಾಟರಿ ಹಾಕಬೇಕು?

ರಿಪೇರಿಯವರು: ಮೇಲೆ ಇದೆ.

ಮಂಡ್ಯ: ಮೇಲೆ ಎಂದರೆ?

ರಿಪೇರಿಯವರು: ಮೇಲೆ ಎಂದರೆ ಮೇಲೆ. ಸಾಗರದವರು ಎಲ್ಲಿ? ಅಮ್ಮಾ, ಉತ್ತರ ಕೊಡಿ.

ಸಾಗರದ ಸೊಸೆ: ಇದ್ದೇನೆ ಸರ್. ಬಿಸಿ ಇರಲಿಲ್ಲ, ಪ್ಲಗ್ಗು ತೆಗೆದೆ. ಮೈದುನನಿಗೆ ಫೋನು ಮಾಡಿದೆ. ಆ ಹಸಿರು ಪಟ್ಟಿಗೆ ತಂತಿ ನಿಲ್ಲಲಿಲ್ಲವೆಂದು ಕಿತ್ತು ಹಾಕಿದನಂತೆ. ಮಕ್ಕಳು ಇದರ ಕೆಳಗೇ ಓದುತ್ತಿದ್ದರು. ಹೊರಗೆ ಮಳೆ. ಕೊಟ್ಟಿಗೆಯಲ್ಲಿಡಲೇ?

ರಿಪೇರಿಯವರು: ಕೊಟ್ಟಿಗೆಯಲ್ಲಿ ಹುಲ್ಲಿರುತ್ತದೆ, ಬೇಡ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದೆಯೇ?

ಸಾಗರದ ಸೊಸೆ: ಇದೆ.

ರಿಪೇರಿಯವರು: ಅದರ ನಡುವೆ ಬಾಂಡಲಿ ಇಡಿ, ಮೇಲೊಂದು ತಗಡು ಓರೆಯಾಗಿ ಒರಗಿಸಿ. ಗಾಳಿ ಆಡಬೇಕು, ನೀರು ಬೀಳಬಾರದು. ನಾಳೆ ಹತ್ತಿರದ ರಿಪೇರಿಯವರಿಗೆ ಫೋನು ಮಾಡಿ, ಬಂದು ತೆಗೆಯಲು ಹೇಳಿ. ಬಸ್ಸಿನಲ್ಲಿ ಒಯ್ಯಬೇಡಿ.

ಮಂಡ್ಯ: ಸರ್, 4 ವೋಲ್ಟಿನದು ಸಿಕ್ಕಲಿಲ್ಲ. ಮೊಬೈಲಿನದು ಹಾಕಬಹುದೇ?

ನಿರ್ವಾಹಕ: ರಿಪೇರಿಯವರು ಊಟಕ್ಕೆ ಹೋಗಿದ್ದಾರೆ. ಮಂಡ್ಯದವರೇ, ಹಾಕಬೇಡಿ.

ಸಾಗರದ ಸೊಸೆ: ಇಟ್ಟು ಬಂದೆ ಸರ್. ಅತ್ತೆಯವರು ಕೇಳುತ್ತಿದ್ದಾರೆ, ಆ ಬಾಂಡಲಿ ನಾಳೆ ಬೆಲ್ಲ ಕಾಯಿಸಲು ಬೇಕಿತ್ತಂತೆ.