ಸಹಾಯ ಬೇಕು: ಬೆನ್ನಿಗೆ ಹೂಬಳ್ಳಿ ಟ್ಯಾಟೂ, ಬರೀ ಕಪ್ಪು-ಬೂದು

ಎಲ್ಲರಿಗೂ ನಮಸ್ಕಾರ. ಕುತ್ತಿಗೆ ಕೆಳಗಿನಿಂದ ಸೊಂಟದವರೆಗೆ ಹೂಬಳ್ಳಿಯ ಟ್ಯಾಟೂ ಹಾಕಿಸಿಕೊಳ್ಳಬೇಕು ಅಂತಿದ್ದೇನೆ. ಡಿಸೈನ್ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಕೆಳಗಿನಿಂದ ಆನೆ ಸಾಲು, ಸಿಂಹದ ಸಾಲು, ಅದರ ಮೇಲೆ ಒಂದು ಬಳ್ಳಿಯ ಪಟ್ಟಿ ಇದೆಯಲ್ಲ, ನನಗೆ ಬೇಕಿರುವುದು ಅದೇ. ಬಳ್ಳಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಸುರುಳಿ ಸುತ್ತುತ್ತಾ ಹೋಗುತ್ತದೆ. ಬಳಪದ ಕಲ್ಲು, ಮೊದಲೇ ಬೂದು. ಆಳವಾಗಿ ಕೊರೆದ ಕಡೆ ನೆರಳು ಕಪ್ಪಗೆ ಕೂತಿರುತ್ತದೆ. ಕಪ್ಪು ಇಂಕನ್ನು ತೆಳು ಮಾಡಿ ಶೇಡ್ ಕೊಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಮಾದರಿ ಇಲ್ಲ ಅಂತ ನನ್ನ ಲೆಕ್ಕ.

ಆದರೆ ಬಂದ ಸ್ಕೆಚ್ ನೋಡಿದರೆ ಎಲ್ಲೂ ಖಾಲಿ ಜಾಗವೇ ಇಲ್ಲ. ಅಕ್ಕ ನೋಡಿ 'ಇದೇನೇ, ಬೆನ್ನಿಗೆ ಗೋಡೆ ಕಟ್ಟಿಸ್ತೀಯಾ?' ಅಂದಳು. ನಮ್ಮ ಅಜ್ಜಿಯ ಮುಂಗೈ ಹಚ್ಚೆಯಲ್ಲಿ ಗೆರೆಗಳೆಲ್ಲ ಹರಡಿ ಹಸಿರಾಗಿ, ಈಗ ಹೂವೋ ಚಕ್ಕುಲಿಯೋ ಗೊತ್ತಾಗುವುದಿಲ್ಲ. ಹಾಗೆ ಆಗಬಾರದು, ಅಲ್ವಾ?

ಅದಕ್ಕೇ ಕೇಳುತ್ತಿದ್ದೇನೆ. ಸುರುಳಿಗಳ ನಡುವೆ ಎಷ್ಟು ಚರ್ಮ ಖಾಲಿ ಬಿಡಬೇಕು? ಬೆನ್ನುಮೂಳೆಯ ಎರಡೂ ಕಡೆ ಒಂದೇ ಥರ ಇರಲಾ, ಅಥವಾ ಬಳ್ಳಿ ಒಂದು ಕಡೆಯಿಂದ ಹತ್ತಿದರೆ ಚೆಂದವಾ? ಕೈ ಎತ್ತಿದಾಗ ಹೆಗಲ ಮೂಳೆ ಸರಿದು, ದುಂಡಗಿದ್ದ ಸುರುಳಿ ಮೊಟ್ಟೆ ಆಕಾರಕ್ಕೆ ಬರುತ್ತದೆ. ಬಲ ಹೆಗಲ ಹತ್ತಿರ ಒಂದು ಮಚ್ಚೆಯೂ ಇದೆ, ಅದರ ಮೇಲೆ ಸೂಜಿ ಬೇಡ. ಸುತ್ತ ಎಲೆ ತಿರುಗಿಸಬಹುದಾ?

ಬೆನ್ನಿಗೆ ದೊಡ್ಡ ಕೆಲಸ ಮಾಡಿಸಿದವರು ವಾಸಿಯಾದ ಮೇಲಿನ ಫೋಟೋ ಹಾಕಿ. ಅದೇ ದಿನದ್ದು ಬೇಡ, ಆವತ್ತು ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.