ಅಪ್ಪಯ್ಯನ ಪಲ್ಸ್ 48, ಮಾತ್ರೆ ನಿಲ್ಲಿಸಿಬಿಡಲಾ?

ತೀರ್ಥಹಳ್ಳಿ ಕಡೆಯಿಂದ ಕೇಳುತ್ತಿದ್ದೇನೆ. ಅಪ್ಪಯ್ಯನಿಗೆ 78. ಬಿಪಿಗೆ ಅಂತ ಮೆಟೊಪ್ರೊಲಾಲ್ 50 ನಡೆಯುತ್ತಿದೆ. ಈಚೆಗೆ ಮಷಿನ್‌ನಲ್ಲಿ ಪಲ್ಸ್ 48 ದಾಟುತ್ತಿಲ್ಲ. ತೋಟಕ್ಕೆ ಇಳಿದು ಹತ್ತಿದರೆ ತಲೆ ತಿರುಗುತ್ತದಂತೆ. ಅನುಭವ ಇದ್ದವರು ಹೇಳಿ.

ಸಾಗರದಿಂದ:
ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ನಮ್ಮ ಅತ್ತೆಯವರಿಗೆ ಅದೇ ಜಾತಿಯ ಅಟೆನೊಲಾಲ್ ಇತ್ತು. ಕೊಯ್ಲಿನ ಗಡಿಬಿಡಿಯಲ್ಲಿ ಮಾತ್ರೆ ಖಾಲಿಯಾಯಿತು. ಪಲ್ಸ್ ಹೇಗೂ ಕಮ್ಮಿ ಅಲ್ವಾ ಅಂತ ನಾನು ತರಿಸಲಿಲ್ಲ. ಮೂರನೇ ದಿನ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದವರು ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು. ಪಲ್ಸ್ 118. ಈ ಮಾತ್ರೆ ಒಮ್ಮೆಲೇ ಬಿಟ್ಟರೆ ಎದೆನೋವು, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು ಅಂತ ಆಮೇಲೆ ಗೊತ್ತಾಯಿತು. ಬಿಡಿಸಬೇಕಾದರೆ ಡಾಕ್ಟರೇ 1-2 ವಾರದಲ್ಲಿ ಡೋಸ್ ಇಳಿಸುತ್ತಾ ಬರುತ್ತಾರೆ.

ಹೊಸನಗರದಿಂದ:
ಕಣ್ಣಿಗೆ ಡ್ರಾಪ್ಸ್ ಹಾಕುತ್ತೀರಾ, ನೋಡಿ. ಅಮ್ಮನ ಪಲ್ಸ್ 44ಕ್ಕೆ ಇಳಿದಿತ್ತು. ಮಾತ್ರೆ ಅರ್ಧ ಮಾಡಿದರೂ ಏಳಲಿಲ್ಲ. ಎಲ್ಲಾ ಔಷಧಿ ತನ್ನಿ ಅಂದರು ಶಿವಮೊಗ್ಗದ ಡಾಕ್ಟರ್. ಡಬ್ಬಿ ಪೂರ್ತಿ ಮೇಜಿನ ಮೇಲೆ ಸುರಿದೆ. ಗ್ಲಾಕೋಮಾದ ಡ್ರಾಪ್ಸ್ ಮಾತ್ರ ಮನೆಯಲ್ಲೇ ಉಳಿದಿತ್ತು, ಕಣ್ಣಿನದು ಹೃದಯಕ್ಕೆ ಯಾಕೆ ಅಂತ ಬಿಟ್ಟು ಹೋಗಿದ್ದೆ. ಅದು ಟಿಮೊಲಾಲ್. ಅದೂ ಮೆಟೊಪ್ರೊಲಾಲ್ ತರಹ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರೇ! ಕಣ್ಣಿನಿಂದ ಮೂಗಿಗಿಳಿದು ರಕ್ತ ಸೇರುತ್ತದೆ. ಕಣ್ಣಿನ ಡಾಕ್ಟರು ಬೇರೆ ಡ್ರಾಪ್ಸ್ ಕೊಟ್ಟರು. ಹತ್ತು ದಿನದಲ್ಲಿ ಪಲ್ಸ್ 60ಕ್ಕೆ ಬಂತು.

ಶಿವಮೊಗ್ಗದಿಂದ, ನರ್ಸ್ ಆಗಿದ್ದವಳು:
ನಂಬರ್ ಒಂದನ್ನೇ ನೋಡಿ ಹೆದರಬೇಡಿ. ಪಲ್ಸ್ 52 ಇದ್ದೂ ಆರಾಮಾಗಿ ಓಡಾಡುವ ಹಿರಿಯರು ಇದ್ದಾರೆ. ಆದರೆ ನಿಮ್ಮ ಅಪ್ಪಯ್ಯನಿಗೆ ತಲೆ ತಿರುಗುತ್ತಿದೆ, ಹಾಗಾಗಿ ತಡ ಮಾಡುವಂತಿಲ್ಲ. ಬಡಿತ ಏರುಪೇರಾದರೆ ಮಷಿನ್ ತಪ್ಪು ತೋರಿಸುತ್ತದೆ. ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿ. ಇಸಿಜಿ ಬೇಕೇ ಬೇಕು. ಹೃದಯದ ಒಳಗೆ ಬಡಿತದ ವಿದ್ಯುತ್ ಸಂಕೇತಕ್ಕೇ ಬ್ಲಾಕ್ (ರಕ್ತನಾಳದ ಬ್ಲಾಕ್ ಅಲ್ಲ) ಇದ್ದರೆ ಈ ಮಾತ್ರೆ ಅಪಾಯ, ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಥೈರಾಯ್ಡ್ ಕಮ್ಮಿ ಇದ್ದರೂ ಪಲ್ಸ್ ಇಳಿಯುತ್ತದೆ. ಡಿಲ್ಟಿಯಾಜೆಮ್, ವೆರಾಪಮಿಲ್, ಡಿಗಾಕ್ಸಿನ್ ಅನ್ನುವ ಹೃದಯದ ಮಾತ್ರೆಗಳು ಜೊತೆಗಿದ್ದರೆ ಇನ್ನೂ ಜಾಸ್ತಿ ಇಳಿಯುತ್ತದೆ. ಮಾತ್ರೆ ಶುರು ಮಾಡಿದ್ದು ಯಾಕೆ ಅಂತಲೂ ಕೇಳಿ. ಬರೀ ಬಿಪಿಗಾದರೆ ಬೇರೆ ಮಾತ್ರೆಗಳಿವೆ. ಹಾರ್ಟ್ ಅಟ್ಯಾಕ್ ಆದ ಮೇಲೆ ಕೊಟ್ಟಿದ್ದರೆ ಲೆಕ್ಕ ಬೇರೆ, ಡೋಸ್ ಇಳಿಸಿ ಮುಂದುವರಿಸಬಹುದು. ಎಚ್ಚರ ತಪ್ಪಿದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ.

ಕೇಳಿದವನು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ತಾನೇ ಕೈ ಹಿಡಿದು ಎಣಿಸಿದೆ, 46. ಕಣ್ಣಿಗೂ ಡ್ರಾಪ್ಸ್ ಇದೆ. ಬಾಟಲಿ ಚೀಲಕ್ಕೆ ಹಾಕಿಟ್ಟೆ, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ.