ಸಹಾಯ ಬೇಕು: ಪಶ್ಚಿಮದ ಬಿಸಿಲಿಗೆ ಕಾಯದ ಮನೆ ಕಟ್ಟಬೇಕು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ 30×40 ಸೈಟಿನಲ್ಲಿ ಮನೆ ಶುರು ಮಾಡುತ್ತಿದ್ದೇವೆ. ರಸ್ತೆ ಪಶ್ಚಿಮಕ್ಕಿದೆ. ಮಹಡಿಯ ಬೆಡ್‌ರೂಮೂ ಅದೇ ಕಡೆ, ಆಳೆತ್ತರದ ಗಾಜು ಬೇರೆ. ನೋಡೋಕೇನೋ ಚೆಂದ. ಆದರೆ ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ!

ಸೋಲಾರ್ ಇದ್ದರೆ ಎಸಿ ಚಿಂತೆಯಿಲ್ಲ ಅಂತಾರೆ ಇಂಜಿನಿಯರ್. ಪಿಎಂ ಸೂರ್ಯ ಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ಹಾಕಿಸುತ್ತೇವೆ. ನನ್ನ ತಕರಾರು ಬೇರೆ. ಗೋಡೆ, ತಾರಸಿ ಹಗಲೆಲ್ಲ ಕುಡಿದ ಬಿಸಿಯನ್ನು ಒಳಗೆ ಬಿಡೋದು ಸಂಜೆ ಮೇಲೆ. ಆಗ ಪ್ಯಾನೆಲ್‌ನಿಂದ ಕರೆಂಟ್ ಬರುವುದಿಲ್ಲ. ಬೀದಿಯವರೆಲ್ಲ ಲೈಟು, ಫ್ಯಾನು, ಟಿವಿ ಹಾಕೋ ಹೊತ್ತಿಗೇ ನಮ್ಮ ಎಸಿಯ ಲೋಡೂ ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುತ್ತದೆ. ಮನೆಯೇ ತಣ್ಣಗಿದ್ದರೆ ಈ ರಗಳೆ ಕಮ್ಮಿ ಅಲ್ವಾ?

ಮೆಟ್ಟಿಲು, ಬಾತ್‌ರೂಮನ್ನು ಪಶ್ಚಿಮಕ್ಕೆ ತಳ್ಳಿ ಬೆಡ್‌ರೂಮನ್ನು ಪೂರ್ವಕ್ಕೆ ತರೋಣ ಅಂತಿದ್ದೇನೆ. (ವಾಸ್ತು ವಿಷಯ ಅತ್ತೆಯವರ ಹತ್ತಿರ ನಾನೇ ಮಾತಾಡುತ್ತೇನೆ, ಇಲ್ಲಿ ಬೇಡ.) ಗೋಡೆಗೆ ರ‍್ಯಾಟ್ ಟ್ರ್ಯಾಪ್ ಬಾಂಡ್ ಆಸೆ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಕಟ್ಟುವುದರಿಂದ ನಡುವೆ ಟೊಳ್ಳು ಉಳಿಯುತ್ತದೆ, ಬಿಸಿ ಒಳಗೆ ಬರೋದು ನಿಧಾನ. ಮೇಸ್ತ್ರಿ ಮಾತ್ರ "ಅದಕ್ಕೆ ಮೊಳೆ ನಿಲ್ಲಲ್ಲ" ಅಂತ ತಲೆ ಅಲ್ಲಾಡಿಸುತ್ತಾರೆ.

ಹರಿಹರ, ಚಿತ್ರದುರ್ಗದ ಕಡೆ ಇಂಥ ಗೋಡೆ ಕಟ್ಟಿರುವ ಮೇಸ್ತ್ರಿ ಯಾರಾದರೂ ಗೊತ್ತಾ? ತಾರಸಿಗೆ ಬಿಳಿ ಪೇಂಟ್ ಸಾಕಾ, ಬಿಳಿ ಟೈಲ್ಸೇ ಬೇಕಾ? ಹಾಕಿಸಿದವರೇ ಹೇಳಿದರೆ ಒಳ್ಳೇದು. ಪಾಯ ತೆಗೆಯುವುದರೊಳಗೆ ಪ್ಲಾನ್ ತಿದ್ದಿಸಬೇಕು.